ನನ್ನ ಎಡಗೈ ಶಾಲೆ ಕಲಿತದ್ದು

ನಲವತ್ತನೆಯ ರೊಟ್ಟಿ ಅರ್ಧ ಅಗಲವಾಗಿತ್ತು. ಸುತ್ತ ತಿರುಗಿಸಿ ಅಂಚು ಬಡಿಯಬೇಕು ಎನ್ನುವಷ್ಟರಲ್ಲಿ ನನ್ನ ಬಲಗೈ ನಿಂತುಬಿಟ್ಟಿತು. ನಿಲ್ಲು ಎಂದು ನಾನು ಹೇಳಿರಲಿಲ್ಲ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಇರುವೆ ಸಾಲು ಹರಿದಂತಾಯಿತು, ಆಮೇಲೆ ಇರುವೆಗಳೂ ಬಿಟ್ಟುಹೋದವು. ಪಕ್ಕದ ಮನೆಯಿಂದ ಕೇಳಿ ತಂದ ಸೌಟಿನಂತೆ ಕೈ ಹಿಟ್ಟಿನ ಮೇಲೆ ಬಿದ್ದುಕೊಂಡಿತು. ರೊಟ್ಟಿ ಹರಿಯಿತು.

"ಆಯಿ, ಇದು ರೊಟ್ಟಿ ಅಲ್ಲ, ಕರ್ನಾಟಕದ ನಕಾಶೆ," ಎಂದಳು ಹಂಚಿನ ಮುಂದೆ ಕೂತಿದ್ದ ಸ್ವಪ್ನಾ. "ಇಲ್ನೋಡು, ಇಲ್ಲಿ ದಾಂಡೇಲಿ ಇರಬೇಕಿತ್ತು, ತೂತು ಬಿದ್ದೈತಿ."

"ದಾಂಡೇಲಿ ರಸ್ತೇದಾಗ ತೂತು ಇರೂದ. ನೀ ಬೇಯ್ಸು."

"ಈ ಕೈಲೆ ಪತ್ರ ಬರೀತೇನಿ ಅಂತ ಕುಂತೀಯಲ್ಲ! ದೀಪಾವಳಿ ಪಾಡ್ಯದೊಳಗ ಅಂತ ವಸ್ತಾದರು ಹೇಳ್ಯಾರ. ಯಾವ ವರ್ಷದ ಪಾಡ್ಯಾ ಅಂತ ಕೇಳಿ ಬರ್ಲೇನು?"

ಸ್ವಪ್ನಾ ನನ್ನ ಮಗಳ ಮಗಳು. ಅವಳಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ತಂದೆ ಗೋವಾ ಕಡೆಗೆ ಕೆಲಸಕ್ಕೆಂದು ಹೋಗಿ ಕೆಲಸದ ಜೊತೆಗೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡ. ಕಾಗದಪತ್ರದಲ್ಲಿ ಅವಳಿಗೆ ಪೋಷಕಿ ನಾನು, ಗುರುಬಸವ್ವ. ಈಗ ಅವಳಿಗೆ ಹದಿನೇಳು. ಬೇರೆ ಹುಡುಗಿಯರು ಕೈಚೀಲ ಹಿಡಿಯುವಂತೆ ಇವಳು ಜೋಳದ ಹಿಟ್ಟಿನ ಚೀಲ ಹಿಡಿದು ಬರುತ್ತಾಳೆ. ಆ ಹಿಟ್ಟಿನಿಂದ ನಾನು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ದಿನವೂ ಎಂಬತ್ತು ರೊಟ್ಟಿ ಮಾಡಿಕೊಡುತ್ತೇನೆ. ಮಾಡಿಕೊಡುತ್ತಿದ್ದೆ ಎನ್ನಬೇಕು.

ಪತ್ರದ ವಿಷಯ ಹೀಗೆ. ಮೇ ತಿಂಗಳಲ್ಲಿ ಮುಂಡಗೋಡದಲ್ಲಿ ನಡೆದ ಕುಸ್ತಿಯಲ್ಲಿ ಸ್ವಪ್ನಾ ತನ್ನ ಒಂದೂವರೆಪಟ್ಟು ಇದ್ದ ಹುಡುಗಿಯನ್ನು ಚಿತ್ ಮಾಡಿದಳು. ಅದನ್ನು ನೋಡಿದ ಹಳಿಯಾಳದ ಕುಸ್ತಿ ಗುರು, ವಸ್ತಾದ ಶಿವಲಿಂಗಪ್ಪನವರು, ಈ ಹುಡುಗಿಯನ್ನು ನನ್ನ ತಾಲೀಮು ಮನೆಯಲ್ಲೇ ಇರಿಸಿಕೊಂಡು ಕಲಿಸುತ್ತೇನೆ, ಮನೆಯವರ ಒಪ್ಪಿಗೆ ಪತ್ರ ತನ್ನಿ ಎಂದರು. ಅಲ್ಲಿ ಹೆಣ್ಣುಮಕ್ಕಳಿಗೆ ಇರುವುದು ಆರೇ ಜಾಗ. ಐದು ತುಂಬಿದ್ದವು. ಆರನೆಯದಕ್ಕೆ ನನ್ನ ಮೊಮ್ಮಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಒಪ್ಪಿಗೆ ಕೊಡುವವಳು ನಾನು. ತಕರಾರು ಮಾಡುವವನು ನನ್ನ ಮಗ ರುದ್ರೇಶ. ನನ್ನ ಗಂಡ ಧಾರವಾಡ ಕಡೆಯಿಂದ ಬಂದು ಇಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದವರು. ಮಗನೂ ಅಲ್ಲಿಯೇ ಗುತ್ತಿಗೆಯ ಮೇಲೆ ದುಡಿಯುತ್ತಾನೆ. ಒಳ್ಳೆಯವನು. ಆದರೆ ಮೊಬೈಲ್ ಹಿಡಿದ ಮೇಲೆ ವೈದ್ಯನೂ ಆಗಿದ್ದಾನೆ.

"ಹೆಣ್ಣುಮಕ್ಕಳು ಹಿಂಗ ಕುಂತೆದ್ದು ಬೈಠಕ್ ಹೊಡದ್ರ ನರಾ ಸೆಟಕೋತಾವು ಅವ್ವಾ. ನಾಳೆ ಹೆರಿಗಿ ಆಗೂದಿಲ್ಲ. ದೊಡ್ಡ ದೊಡ್ಡ ಡಾಕ್ಟರ್ ಹೇಳ್ಯಾರ."

"ಯಾವ ಡಾಕ್ಟರ್?"

"ಮೊಬೈಲ್‌ದಾಗ ಬಂದಿತ್ತು."

ನರ ಸೆಟೆಯುವ ಮೊದಲೇ ಅವಳನ್ನು ದಾಟಿಸಬೇಕೆಂದು ಜೊಯಿಡಾದ ಒಂದು ಸಂಬಂಧವನ್ನೂ ನೋಡಿಟ್ಟಿದ್ದ. ಹದಿನೆಂಟು ತುಂಬಿದ ಮರುದಿನವೇ ತೋರಿಸುವುದು ಎಂದು ಲೆಕ್ಕ. ಹುಡುಗ ಅಲ್ಲಿ ಯಾವುದೋ ಕಚೇರಿಯಲ್ಲಿ ಜವಾನ. "ಊರು ಹೆಂಗೈತಿ ಮಾಮಾ?" ಎಂದು ಸ್ವಪ್ನಾ ಕೇಳಿದಳು. ಶಾಂತ ಊರು, ಬಸ್ಸಿನ ಗದ್ದಲ ಸೈತ ಇಲ್ಲ ಎಂದ. "ಹಂಗಾದ್ರ ಓಡಿ ಬರಾಕ ನಡಕೋತನ ಬರಬೇಕು," ಎಂದು ಅವಳು ಬೈಠಕ್ ಮುಂದುವರಿಸಿದಳು.

ಜೂನ್ ತಿಂಗಳಲ್ಲೇ ನಾನು ಪತ್ರ ಬರೆಯಲು ಕೂತೆ. ಆಗಲೇ ಕೈಗೆ ಜೋಮು ಶುರುವಾಗಿತ್ತು. ಪೆನ್ನು ಬೆರಳಲ್ಲಿ ಇದೆಯೋ ಬಿದ್ದಿದೆಯೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಕೊನೆಗೆ ಸ್ವಪ್ನಾಳೇ ಬರೆದಳು, ನಾನು ಹೆಬ್ಬೆಟ್ಟು ಒತ್ತಿದೆ. ಒತ್ತಿದ ದಿನ ಊಟ ಸೇರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಅಂಗನವಾಡಿಯ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಮೊದಲ ದಿನವೇ ಮಾಲವ್ವ ಟೀಚರು ನಮ್ಮೆಲ್ಲರ ಎಡಗೈ ಹೆಬ್ಬೆರಳು ತೊಳೆಸಿ, "ಈ ಹೆಬ್ಬೆಟ್ಟು ಇನ್ನ ಮ್ಯಾಲೆ ಹೇನು ಕುಕ್ಕಾಕ ಅಷ್ಟ," ಎಂದಿದ್ದರು. ಹದಿನಾರು ವರ್ಷ ಆ ಮಾತು ಉಳಿಸಿಕೊಂಡಿದ್ದೆ.

ಇಷ್ಟಾಗಿಯೂ ಆ ಹೆಬ್ಬೆಟ್ಟು ಉಪಯೋಗಕ್ಕೆ ಬರಲಿಲ್ಲ. ರುದ್ರೇಶ ಹಳಿಯಾಳಕ್ಕೆ ಹೋಗಿ, ನಮ್ಮವ್ವ ನಿದ್ದೆಯಲ್ಲಿದ್ದಾಗ ಹುಡುಗಿ ಅವಳ ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡಿದ್ದಾಳೆ ಎಂದು ಹೇಳಿ ಬಂದ. ವಸ್ತಾದರು ಕಾಗದ ತಿರುಗಿ ಕಳಿಸಿದರು. ಜೊತೆಗೆ ಐತವಾರಕ್ಕೊಮ್ಮೆ ಅಲ್ಲಿ ಕುಸ್ತಿ ಹಿಡಿಯಲು ಹೋಗುವ ಸ್ವಪ್ನಾಳ ಬಾಯಲ್ಲಿ ಸಂದೇಶವನ್ನೂ ಕಳಿಸಿದರು: "ನಲವತ್ತು ವರ್ಷದಾಗ ನಾ ಸೋತದ್ದು ಸೋದರಮಾವಂದಿರಿಗೆ ಅಷ್ಟ. ಬಂದು ಹುಡುಗಿಯರನ್ನ ಅಖಾಡದಿಂದ ಎಳಕೊಂಡು ಹೋಗ್ತಾರ. ನಿಮ್ಮ ಆಯಿ ಸ್ವಂತ ಕೈಲೆ ಪತ್ರ ಬರೀಲಿ, ಅದಕ್ಕ ಪೋಸ್ಟಿನ ಮುದ್ರಿ ಬೀಳಲಿ. ಆಮ್ಯಾಲೆ ಯಾವ ಮಾಮಾ ಬಂದ್ರೂ ನಾ ನೋಡ್ಕೋತೇನಿ."

ಹೀಗೆ ಪತ್ರ ಜೂನಿನಿಂದ ನಿಂತಿತ್ತು. ಈಗ ಗಣಪತಿಯೂ ನೀರಿಗೆ ಹೋಗಿದ್ದ.

ಹರಿದ ರೊಟ್ಟಿಯ ಮಾರನೆಯ ದಿನ ಖಾನಾವಳಿಗೆ ನಲವತ್ತೇ ರೊಟ್ಟಿ ಕೊಟ್ಟು ಬರುವಾಗ ಗೋಡೆಯ ಮೇಲೆ ನನಗೆ ಬೇಕಾದದ್ದು ಕಂಡಿತು. ಅಕ್ಷರ ಬಂದಂದಿನಿಂದ ನಾನು ಏನನ್ನೂ ಬಿಟ್ಟವಳಲ್ಲ. ಸಾಬೂನಿನ ಕಾಗದ, ಔಷಧದ ಬಾಟಲಿ, ಲಾರಿಯ ಹಿಂಭಾಗ, ಎಲ್ಲ ಓದುತ್ತೇನೆ. ಗೋಡೆಯ ಮೇಲೆ ಮೊಳದುದ್ದದ ನೀಲಿ ಅಕ್ಷರ: "ನರದೌರ್ಬಲ್ಯವೇ? ನಾಚಿಕೆ ಬೇಡ! ಪ್ರತಿ ಮಂಗಳವಾರ ಭೇಟಿ." ಕೆಳಗೆ ಒಂದು ಲಾಡ್ಜಿನ ಹೆಸರು, ರೂಮ್ ನಂಬರ್ ಏಳು.

ನರ ಎಂದರೆ ನನ್ನ ಕೈಯಲ್ಲಿ ಕೆಟ್ಟದ್ದು. ದೌರ್ಬಲ್ಯ ಎಂದರೆ ಶಕ್ತಿ ಇಲ್ಲದ್ದು. ನಾಚಿಕೆಯ ಮಾತು ಯಾಕೆ ಬಂತೆಂದು ಮಾತ್ರ ತಿಳಿಯಲಿಲ್ಲ. ಹರಿದ ರೊಟ್ಟಿಗೆ ನಾಚಿಕೊಳ್ಳುವವರೂ ಇರಬಹುದು ಎಂದುಕೊಂಡೆ. ಅಂದು ಮಂಗಳವಾರವೇ. ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಹೋದೆ.

ಲಾಡ್ಜಿನ ಪಡಸಾಲೆಯ ಬೆಂಚುಗಳ ಮೇಲೆ ಏಳೆಂಟು ಜನ ಗಂಡಸರು. ಎಲ್ಲರೂ ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ತಲೆ ಬಗ್ಗಿಸಿ ಕೂತಿದ್ದರು. ನನ್ನನ್ನು ಕಂಡು ಇಬ್ಬರು ಎದ್ದು ಹೊರಗೆ ಹೋದರು. ಜಾಗ ಬಿಟ್ಟುಕೊಟ್ಟರು, ಸಂಭಾವಿತರು ಎಂದು ನಾನು ಕೂತೆ.

ಪಕ್ಕದವನು ನನ್ನ ಬುಟ್ಟಿ ನೋಡಿ, "ಅವ್ವಾರ, ಯಾರಿಗೆ ತೋರಸಾಕ ಬಂದೀರಿ?" ಎಂದ.

"ನನಗ."

ಅವನು ನನ್ನ ಬಿಳಿ ಕೂದಲನ್ನು ಒಮ್ಮೆ ನೋಡಿದ. "ಎಷ್ಟ ದಿನಾತ್ರಿ?"

"ನಾಕು ತಿಂಗಳಾತು ತಮ್ಮಾ. ಮೊದಲೆಲ್ಲಾ ದಿನಕ್ಕ ಎಂಬತ್ತಂದ್ರ ಎಂಬತ್ತು, ಒಂದ ಸವನ ನಡೀತಿತ್ತು. ಈಗ ನಲವತ್ತಕ್ಕ ಸುಸ್ತು."

ಅವನಿಗೆ ಕೆಮ್ಮು ಹತ್ತಿತು. ಆಚೆ ಬೆಂಚಿನವನು ತಲೆ ಎತ್ತಿ, "ಎಂಬತ್ತ?" ಎಂದ. ಆ ಧ್ವನಿಯಲ್ಲಿದ್ದ ಗೌರವವನ್ನು ನನಗೆ ಯಾವ ಖಾನಾವಳಿಯವನೂ ಕೊಟ್ಟಿರಲಿಲ್ಲ.

ಎದುರಿಗೆ ಒಬ್ಬ ಮುಖ ಕಾಣದಂತೆ ಪತ್ರಿಕೆ ಹಿಡಿದು ಕೂತಿದ್ದ. ಹೊತ್ತು ಹೋಗಬೇಕಲ್ಲ, ನನ್ನ ಕಡೆಗಿದ್ದ ಪುಟವನ್ನು ನಾನು ಓದತೊಡಗಿದೆ. ನನ್ನದು ರಾತ್ರಿ ಶಾಲೆಯ ಓದು, ಬಾಯಿ ತೆರೆದೇ ಬರುತ್ತದೆ. "ಸೂಪಾ ಜ-ಲಾ-ಶ-ಯ-ದ ನೀರಿನ ಮಟ್ಟ..." ಪತ್ರಿಕೆ ನಡುಗಿತು. "ತಮ್ಮಾ, ನೆಟ್ಟಗ ಹಿಡಿಯಪ್ಪ, ಓದಾಕತ್ತೇನಿ," ಎಂದೆ. ಮತ್ತಷ್ಟು ನಡುಗಿತು. ಪಾಪ, ಇವನದೂ ಕೈಯ ನರವೇ ಎಂದುಕೊಂಡು ಅವನ ಕೈ ನೋಡಿದೆ. ಬಲ ಹೆಬ್ಬೆರಳಿನ ಬುಡದಲ್ಲಿ ಅರ್ಧ ಚಂದ್ರದಂಥ ಸುಟ್ಟ ಕಲೆ. ಆರು ವರ್ಷದವನಿದ್ದಾಗ ನನ್ನ ರೊಟ್ಟಿ ಹಂಚಿಗೆ ಕೈ ಹಚ್ಚಿ ಮಾಡಿಕೊಂಡದ್ದು ಅದು.

ಆಗ ನನಗೆ ಎರಡು ಸಂಗತಿ ಒಮ್ಮೆಗೇ ತಿಳಿದವು: ಗೋಡೆಯವರು ಯಾವ ನರದ ಮಾತಾಡಿದ್ದಾರೆ ಎನ್ನುವುದು, ಮತ್ತು ಮದುವೆಯಾಗಿ ಆರು ವರ್ಷವಾದರೂ ಸೊಸೆ ಸರಿತಾಳ ಮಡಿಲು ಯಾಕೆ ತುಂಬಿಲ್ಲ ಎನ್ನುವುದು. ಆ ಹುಡುಗಿಗೆ ನಾನೇ ಎಷ್ಟು ಗುಡಿ ಸುತ್ತಿಸಿದ್ದೆ. ಬರಿಗಾಲಲ್ಲಿ.

ನಾನು ಏನೂ ಕಾಣದವಳಂತೆ ಜಲಾಶಯದ ಮಟ್ಟವನ್ನು ಪೂರ್ತಿ ಓದಿ ಮುಗಿಸಿದೆ. ಅಷ್ಟರಲ್ಲಿ ಒಳಗೆ ಕರೆದರು.

ವೈದ್ಯ ಎನಿಸಿಕೊಂಡವನು ನಾಡಿ ಹಿಡಿದು ಕಣ್ಣು ಮುಚ್ಚಿದ. "ಯಜಮಾನರನ್ನ ಕರಕೊಂಡು ಬರಬೇಕಿತ್ತು ತಾಯಿ."

"ಅವರು ಹೋಗಿ ಹನ್ನೊಂದು ವರ್ಷಾತು. ಈಗ ಅವರ ನರಾ ರಿಪೇರಿ ಮಾಡಿ ಯಾರಿಗೆ ಲಾಭ? ನನ್ನ ಕೈ ನೋಡ್ರಿ."

ಅವನು ಅದಕ್ಕೂ ಹಿಂಜರಿಯಲಿಲ್ಲ. ಒಂದು ಡಬ್ಬಿ ತೆಗೆದು, ಹಾಲಿನಲ್ಲಿ ಕದಡಿ ಕುಡಿಯಿರಿ ಎಂದ. ನಾನು ಡಬ್ಬಿಯ ಸುತ್ತ ಓದಿದೆ. "ಪು-ರು-ಷ-ರಿ-ಗೆ ಮಾತ್ರ ಅಂತ ಐತಲ್ರಿ?" ಓದು ಬರುವ ಮುದುಕಿ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಡಬ್ಬಿ ತಿರುಗಿ ಇಸಿದುಕೊಂಡ.

ಹೊರಗೆ ಬಂದಾಗ ಪತ್ರಿಕೆ ಬೆಂಚಿನ ಮೇಲಿತ್ತು, ಹಿಡಿದವನು ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡು ರುದ್ರೇಶ ಕಾರ್ಖಾನೆಯ ಹೊಗೆ ನೋಡುತ್ತ ನಿಂತಿದ್ದ. ನಾನು ಹಿಂದೆ ಕೂತೆ. ಬೈಕು ಕಾಳಿ ನದಿಯ ಸೇತುವೆಗೆ ಬಂತು. ನಮ್ಮ ಮನೆಯ ದಾರಿಯಲ್ಲಿ ಸೇತುವೆಯೇ ಇಲ್ಲ. ಹುಡುಗ ದಾರಿ ತಪ್ಪಿಸಿಕೊಂಡಿದ್ದ.

"ಅವ್ವಾ," ಎಂದ ಬೈಕು ನಿಲ್ಲಿಸಿ, ತಿರುಗಿ ನೋಡದೆ. "ಸರಿತಾಗ ಹೇಳಬ್ಯಾಡ."

"ಏನ ಹೇಳ್ಲಿ? ತಾಯಿ ಮಗಾ ಇಬ್ಬರೂ ಗ್ವಾಡಿ ಓದಿ ದವಾಖಾನಿಗೆ ಹೋಗಿದ್ವಿ ಅಂತನ?"

ಅವನ ಬೆನ್ನು ಅಲುಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಹಿಂದಿನಿಂದ ತಿಳಿಯಲಿಲ್ಲ. ಎರಡೂ ಇದ್ದೀತು.

"ಸ್ವಪ್ನಾನ ನರಾ ಸೆಟಕೋತಾವು ಅಂತ ನೀ ಹೇಳಿದ್ದೂ ಅದ ಗ್ವಾಡಿ ಮ್ಯಾಲಿಂದ ಏನು?"

ಅವನು ಬೈಕಿನ ಕನ್ನಡಿ ತಿದ್ದಿದ.

"ಹಳಿಯಾಳದ ತಾಲೀಮಿಗೆ ತಿಂಗಳಿಗೊಮ್ಮೆ ಯಾರೋ ಡಾಕ್ಟರ್ ಬಾಯಿ ಬರ್ತಾರಂತ. ಪೈಲ್ವಾನರ ಕೈಗೆ ವೈರ್ ಹಚ್ಚಿ ನರಾ ಅಳೀತಾರಂತ, ಹುಡುಗಿ ಹೇಳ್ತಿದ್ದಳು. ಈ ಐತವಾರ ಅಲ್ಲಿಗೆ ಹೋಗೂಣು. ಮೂರೂ ಮಂದಿ. ನೀ ನಡಸ್ತಿ, ನಾ ತೋರಸ್ಕೋತೇನಿ, ಅಕಿ ಕುಸ್ತಿ ಹಿಡೀತಾಳ."

"ನಾ ಯಾಕ?"

"ನಿನ್ನ ಬೈಕ್ ಅಲ್ಲೇನು?"

ಐತವಾರ ಮಧ್ಯಾಹ್ನ ತಾಲೀಮು ಮನೆಯ ಹಿಂದಿನ ಕೋಣೆಯಲ್ಲಿ ಜ್ಯೋತಿ ಎನ್ನುವ ಆ ಬಾಯಿ ಒಂದು ಯಂತ್ರ ಇಟ್ಟುಕೊಂಡು ಕೂತಿದ್ದರು. ಬೆಳಗಾವಿಯವರು, ಫಿಜಿಯೋಥೆರಪಿ ಕಲಿತವರು. ವ್ಯಾಯಾಮ ಮಾಡಿದರೆ ನರಗಳಿಗೆ ಏನಾಗುತ್ತದೆ ಎನ್ನುವುದೇ ಅವರ ಅಭ್ಯಾಸದ ವಿಷಯವಂತೆ. ಸ್ವಪ್ನಾಳ ಮೊಣಕೈ ಹತ್ತಿರ ಒಂದು ತಂತಿ, ಬೆರಳ ಬುಡದಲ್ಲಿ ಒಂದು ತಂತಿ. ಗುಂಡಿ ಒತ್ತಿದರು. ಅವಳ ಬೆರಳು ಟಕ್ಕೆಂದು ಜಿಗಿಯಿತು.

"ನನ್ನ ಕೇಳದ ಜಿಗೀತು, ಆಯಿ!" ಎಂದು ಸ್ವಪ್ನಾ ನಕ್ಕಳು.

ಮೇಲಿನಿಂದ ಬಿಟ್ಟ ಕರೆಂಟು ಕೆಳಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದಂತೆ. ನನಗೆ ತಕ್ಷಣ ತಿಳಿಯಿತು. ಸೂಪಾದಲ್ಲಿ ನೀರು ಬಿಟ್ಟರೆ ಕೋಗಿಲಬನದ ಹತ್ತಿರ ಹೊಳೆ ಯಾವಾಗ ಏರುತ್ತದೆ ಎಂದು ಬಟ್ಟೆ ಒಗೆಯುವ ನಮಗೆಲ್ಲ ಬಾಯಿಪಾಠ. ಹಾಗೆಂದು ಹೇಳಿದೆ. ಜ್ಯೋತಿಬಾಯಿ ನನ್ನ ಮಾತನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು.

ರುದ್ರೇಶ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಮೇಡಂ, ಹಿಂಗ ಕಸರತ್ತ ಮಾಡಿದ್ರ ಹೆಣ್ಣುಮಕ್ಕಳ ನರಾ ಸೆಟಿಯೂದಿಲ್ಲೇನ್ರಿ?"

"ಸೆಟಿಯಾಕ ಅವೇನು ಬಟ್ಟಿ ಒಣಹಾಕೂ ಹಗ್ಗ ಏನ್ರಿ? ಬರ್ರಿ ಇಲ್ಲೆ." ಸ್ವಪ್ನಾಳ ತೋಳು ಹಿಡಿದು ತೋರಿಸಿದರು. "ಹೊಸಾ ಹುಡುಗಿ ತಾಲೀಮಿಗೆ ಬಂದು ಒಂದು ತಿಂಗಳದಾಗ ಮೊದಲಿನಕಿಂತ ಹೆಚ್ಚಿಗಿ ಭಾರ ಎತ್ತತಾಳ. ಟೇಪ್ ಹಚ್ಚಿ ನೋಡಿದ್ರ ತೋಳು ಅಷ್ಟ ದಪ್ಪ ಇರತೈತಿ. ಹಂಗಾರ ಶಕ್ತಿ ಎಲ್ಲಿಂದ ಬಂತು? ನರಾ ಕಲೀತಾವ್ರಿ. ಯಾವ ಸ್ನಾಯು ಯಾವಾಗ ಎಳೀಬೇಕು, ಯಾವುದನ್ನ ಸುಮ್ನ ಕುಂದರಸಬೇಕು ಅಂತ. ಮೊದಲು ನರಾ ಸಾಲಿಗೆ ಹೋಗ್ತಾವು, ತೋಳು ದಪ್ಪ ಆಗೂದು ಹಿಂದಾಗಡೆ."

"ಮತ್ತ ಹೆರಿಗಿ?"

"ಮಾಮಾ!" ಎಂದಳು ಸ್ವಪ್ನಾ.

"ಬೈಠಕ್ಕಿಗೂ ಹೆರಿಗಿಗೂ ಜಗಳಾ ಇಲ್ರಿ. ಹೊಟ್ಟಿ ತುಂಬ ಊಟಾ ಹಾಕ್ರಿ, ಸಾಕು."

ಅವನು ಹೋಗಲಿಲ್ಲ. ನಾನು ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಮನುಷ್ಯನ ನರಗಳ ಚಿತ್ರವನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಓದತೊಡಗಿದೆ. ಸ್ವಪ್ನಾಳನ್ನೂ ಮಣ್ಣು ಹದ ಮಾಡಲು ಓಡಿಸಿದೆ. ಹಿಂದೆ ಪಿಸುಮಾತು ನಡೆಯಿತು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಎರಡು ವಾಕ್ಯ ಮಾತ್ರ. "ಲಾಡ್ಜಿನವನ ಕಡೆ ಹೋಗಬ್ಯಾಡ್ರಿ, ಧಾರವಾಡಕ್ಕ ದೊಡ್ಡ ದವಾಖಾನಿಗೆ ಹೋಗ್ರಿ. ಗಂಡಾ ಹೆಂಡತಿ ಇಬ್ಬರೂ ತೋರಸ್ಕೋಬೇಕು, ಇದರಾಗ ನಾಚಿಗಿ ಏನೈತಿ?" ಗೋಡೆಯೂ ಅದನ್ನೇ ಹೇಳಿತ್ತು ನೋಡಿ. ಆದರೆ ಹೇಳುವ ಬಾಯಿ ಬೇರೆ.

ಆಮೇಲೆ ನನ್ನ ಸರದಿ. ಮೊಣಕೈಯಿಂದ ಬಿಟ್ಟ ನೀರು ಮಣಿಕಟ್ಟಿನವರೆಗೆ ಸರಿಯಾಗಿ ಬಂತು. ಅಲ್ಲಿಂದ ಮುಂದೆ ಯಾರೋ ಬಂಡೆ ಉರುಳಿಸಿದಂತೆ ತೆವಳಿತು. ಬೆರಳಿಗೆ ಹೋಗುವ ನರಕ್ಕೆ ಮಣಿಕಟ್ಟಿನಲ್ಲಿ ಒಂದು ಸಣ್ಣ ಬಾಗಿಲಂತೆ. ಐವತ್ತು ವರ್ಷ ರೊಟ್ಟಿ ಬಡಿದು ಬಡಿದು ಆ ಬಾಗಿಲು ಊದಿಕೊಂಡು ನರವನ್ನು ಒತ್ತುತ್ತಿದೆಯಂತೆ.

"ಅಂದ್ರ ನಂದೂ ತಾಲೀಮು ಹೆಚ್ಚಾತೇನು?"

"ಹೌದ್ರಿ ಅಮ್ಮಾರ. ತಾಲೀಮು ನರಕ್ಕ ಕಲಸತೈತಿ, ದಣಿವು ಆರಿಸದ ಬಡದ್ರ ಕೆಡಸತೈತಿ. ನಾ ಪೈಲ್ವಾನರಿಗೂ ಇದನ್ನ ಹೇಳ್ತೇನಿ." ಮಣಿಕಟ್ಟು ಮಡಚದಂತೆ ಒಂದು ಪಟ್ಟಿ ಕೊಟ್ಟರು. ಬಲಗೈಗೆ ಎರಡು ತಿಂಗಳು ರೊಟ್ಟಿ ಬಂದ್. ಇಳಿಯದಿದ್ದರೆ ಸಣ್ಣದೊಂದು ಆಪರೇಷನ್.

"ಪತ್ರ?" ಎಂದೆ. "ಪಾಡ್ಯಕ್ಕ ಆರ ವಾರ ಉಳದಾವು ಬಾಯಿ. ನಾ ಬರೀದಿದ್ರ ಹುಡುಗಿ ಜಾಗಾ ಹೋಗತೈತಿ."

ಜ್ಯೋತಿಬಾಯಿ ನನ್ನ ಎಡಗೈ ಎತ್ತಿ ಹಿಡಿದರು. "ಇದೇನು ಮಾಡಾಕತ್ತೈತಿ?"

"ಅದಕ್ಕ ಅಕ್ಷರ ಬರೂದಿಲ್ಲ. ಅದು ಹೆಬ್ಬೆಟ್ಟು."

"ಬಲಗೈ ಕಲಿತದ್ದು ಕೈಯಾಗ ಅಷ್ಟ ಇರೂದಿಲ್ರಿ, ತಲಿಯಾಗ ಇರತೈತಿ. ಒಂದು ಕೈಗೆ ತಾಲೀಮು ಕೊಟ್ರ ಇನ್ನೊಂದು ಕೈಗೂ ಸ್ವಲ್ಪ ಶಕ್ತಿ ಬರತೈತಿ, ನಾವು ಅಳದು ನೋಡೇವಿ. ಈ ಕೈ ಹದಿನಾರು ವರ್ಷ ಬಾಗಲಾಗ ನಿಂತು ಪಾಠಾ ಕೇಳೈತಿ. ಒಳಗ ಕರೀರಿ."

ಹೀಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಎಡಗೈ ಶಾಲೆಗೆ ಸೇರಿತು. ವಸ್ತಾದಳು ಸ್ವಪ್ನಾ. ಹಳಿಯಾಳದಿಂದ ಅಖಾಡದ ಕೆಂಪು ಮಣ್ಣನ್ನು ಒಂದು ಚೀಲ ತಂದಳು. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ ಹಾಕಿ ಹದ ಮಾಡಿರುತ್ತಾರೆ, ಅರ್ಧ ಅಡುಗೆ ಅರ್ಧ ಹೊಲದ ವಾಸನೆ. ಅದನ್ನು ದೊಡ್ಡ ಪರಾತದಲ್ಲಿ ಹರವಿ ನನ್ನ ಮುಂದಿಟ್ಟಳು, ಮಣ್ಣಿನಲ್ಲಿ ಗೀಚಲು ಎಡಗೈಗೆ ಒಂದು ಖಾಲಿ ಪೆನ್ನು ಕೊಟ್ಟಳು.

"ಇಪ್ಪತ್ತು ಅ, ಹತ್ತು ಕ, ಆಮ್ಯಾಲೆ ಐದು ನಿಮಿಷ ಆರಾಮ. ಕದಿಯಾಂಗಿಲ್ಲ."

"ಮಾಲವ್ವ ಟೀಚರು ಇಷ್ಟ ಬೈತಿರಲಿಲ್ಲ."

"ಮಾಲವ್ವ ಟೀಚರು ನಿನ್ನ ಚಾಂಪಿಯನ್ ಮಾಡಬೇಕಂತ ಹೊಂಟಿರಲಿಲ್ಲ. ಕೈ ಸಡಿಲ ಬಿಡು. ಪೆನ್ನಿನ ಕುತಗಿ ಹಿಚಕಬ್ಯಾಡ, ಅದು ಮುಂಡಗೋಡದ ಹುಡುಗಿ ಅಲ್ಲ."

ಮೊದಲ ವಾರ ನನ್ನ 'ಅ' ಮುಗುಚಿ ಬಿದ್ದ ನೀರಿನ ತತ್ರಾಣಿಯಂತೆ ಇತ್ತು. ಎರಡನೆಯ ವಾರ ಎದ್ದು ಕೂತಿತು. ಎಡಗೈ ಬರೆಯುವಾಗ ಪಟ್ಟಿಯೊಳಗಿನ ಬಲಗೈ ಬೆರಳುಗಳು ತಾವೂ ಮಿಸುಕುತ್ತಿದ್ದವು, ಹಳೆಯ ವಿದ್ಯಾರ್ಥಿಗಳು ಹೊಸಬರಿಗೆ ಉತ್ತರ ಹೇಳಿಕೊಡುವ ಹಾಗೆ. ರೊಟ್ಟಿಯ ಕೆಲಸ ಸರಿತಾ ಹೊತ್ತುಕೊಂಡಳು. ಗುಡಿಗಳ ವಿಷಯದಲ್ಲಿ ಅವಳ ಹತ್ತಿರ ನಾನು ತಪ್ಪಾಯಿತು ಎಂದೆ. ಯಾಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುವಾರ ಗಂಡಹೆಂಡತಿ ಇಬ್ಬರೂ ಧಾರವಾಡಕ್ಕೆ ಹೋಗಿಬಂದರು. ಬರುವಾಗ ಪೇಡೆ ತಂದರು. ಏನಾಯಿತೆಂದು ನಾನು ಕೇಳಲಿಲ್ಲ. ಪೇಡೆ ತಿಂದೆ.

ನಾಲ್ಕನೆಯ ವಾರ ಪಕ್ಕದ ಮನೆಯ ಶಿವಗಂಗವ್ವ ಬಂದು ಪರಾತ ನೋಡಿ ಎದೆ ಹಿಡಿದುಕೊಂಡಳು. "ಎಡಗೈಲೆ ಬರಿಯೂದ? ಹುಡುಗಿ ಹೊಸಾ ಕೆಲಸಕ್ಕ ಹೊಂಟಾಳ, ಅಪಶಕುನಲ್ಲ ಗುರುಬಸವ್ವಾ! ಅದು ತೊಳಕೊಳ್ಳೂ ಕೈ."

"ದಿನಾ ತೊಳಕೋತೈತಿ ಅಂದಮ್ಯಾಲೆ ಅದರಷ್ಟು ಸ್ವಚ್ಛ ಕೈ ಯಾವುದೈತಿ?"

ಅವಳು ಯೋಚಿಸುತ್ತ ಹೋದಳು.

ಅಡ್ಡಿ ಬಂದದ್ದು ಶಕುನದಿಂದಲ್ಲ, ಒತ್ತಕ್ಷರದಿಂದ. ನನ್ನ ಮೊಮ್ಮಗಳ ಹೆಸರಿನಲ್ಲಿ ಎರಡು ಅಕ್ಷರ, ಎರಡಕ್ಕೂ ಒತ್ತು. 'ಸ್ವ' ಹೇಗೋ ಹತ್ತುತ್ತಿದ್ದೆ. 'ಪ್ನಾ' ಬಂದರೆ ಎಡಗೈ ಜಾರಿ ಮಣ್ಣು ತಿನ್ನುತ್ತಿತ್ತು. ಇವಳಿಗೂ ಸರಿತಾ ಎಂದೇ ಹೆಸರಿಟ್ಟಿದ್ದರೆ ಪತ್ರ ಹದಿನೈದು ದಿನ ಮೊದಲೇ ಹೋಗುತ್ತಿತ್ತು. ದಿನವೂ ಐವತ್ತು 'ಪ್ನಾ' ಬರೆದೆ. ಹೇನು ಕುಕ್ಕುವ ಬೆರಳೇ ಪೆನ್ನಿಗೆ ಆಧಾರವಾಗಿ ನಿಂತಿತು.

ಪಾಡ್ಯಕ್ಕೆ ಐದು ದಿನ ಇದ್ದಾಗ ಬಿಳಿ ಹಾಳೆ ತೆಗೆದೆ. ಬರೆಯಲು ಒಂದು ಬೆಳಗು ಪೂರ್ತಿ ಹಿಡಿಯಿತು.

"ವಸ್ತಾದ ಶಿವಲಿಂಗಪ್ಪನವರಿಗೆ ಗುರುಬಸವ್ವನ ನಮಸ್ಕಾರ. ನನ್ನ ಮೊಮ್ಮಗಳು ಸ್ವಪ್ನಾ ನಿಮ್ಮಲ್ಲಿ ಇದ್ದು ಕುಸ್ತಿ ಕಲಿಯಲು ನನ್ನ ಪೂರ್ಣ ಒಪ್ಪಿಗೆ ಇದೆ. ಇದನ್ನು ಎಚ್ಚರದಲ್ಲಿದ್ದು ನನ್ನ ಸ್ವಂತ ಕೈಯಿಂದ ಬರೆದಿದ್ದೇನೆ. ಯಾವ ಕೈ ಎಂದು ನೀವು ಕೇಳಿಲ್ಲ. ಅವಳ ನರಗಳು ಚೆನ್ನಾಗಿವೆ, ನಾನು ಕಣ್ಣಾರೆ ನೋಡಿದ್ದೇನೆ. ದಣಿದಾಗ ಕೂರಿಸಿ."

ರುದ್ರೇಶ ಹಿಂದಿನಿಂದ ಬಗ್ಗಿ ಓದಿದ. "ಅವ್ವಾ, ಸ್ವಪ್ನಾ ಅಂಬೂದರ ಒತ್ತು ಗಟಾರದಾಗ ಬಿದ್ದಂಗ ಕಾಣತೈತಿ."

"ಬಿದ್ದಿಲ್ಲ, ಇಳದೈತಿ. ಜೊಯಿಡಾದವರಿಗೆ ಏನ ಹೇಳ್ತಿ?"

"ಹೇಳಿದೆ."

"ಏನಂತ?"

"ಹುಡುಗಿ ಹಳಿಯಾಳಕ್ಕ ಹೋಗ್ಯಾಳ ಅಂತ."

ಸ್ವಪ್ನಾ ಒಳಗಿನಿಂದ ಬಂದು ಮಾಮನನ್ನು ಸೊಂಟಕ್ಕೆ ಹಿಡಿದು ನೆಲದಿಂದ ಒಂದು ಗೇಣು ಎತ್ತಿದಳು. "ಇಳಸ, ಇಳಸ! ನರಾ ಹಿಡಕೋತಾವು!" ಎಂದು ಅವನು ಕೂಗಿದ. "ಯಾರವು?" ಎಂದೆ.

ಅವಳು ಎತ್ತಿದವನನ್ನು ಇಳಿಸಿ ಪತ್ರ ಕೈಗೆ ತೆಗೆದುಕೊಂಡಳು. ಎರಡು ಸಲ ಓದಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು ಒತ್ತಿನ ಜೊತೆ ತಾನೂ ಕೆಳಗಿಳಿದಳು, ಮೇಲೆ ಬಂದಳು. ಆಮೇಲೆ ಮಡಚಿ ಲಕೋಟೆಗೆ ಹಾಕಿ ನನಗೇ ತಿರುಗಿ ಕೊಟ್ಟಳು. ಲಕೋಟೆಯ ಮೇಲಿನ ವಿಳಾಸವನ್ನೂ ನಾನೇ ಬರೆದೆ. 'ಹಳಿಯಾಳ'ದಲ್ಲಿ ಒತ್ತಕ್ಷರವಿಲ್ಲ, ದೇವರು ದೊಡ್ಡವನು.

ಅಂಚೆ ಕಚೇರಿಯಲ್ಲಿ ಸಾಲಿತ್ತು. ರುದ್ರೇಶ ಬೈಕಿನ ಹತ್ತಿರ ನಿಂತ, ಸ್ವಪ್ನಾ ನನ್ನ ಬೆನ್ನಿಗೆ ಅಂಟಿಕೊಂಡೇ ನಿಂತಳು. ನಮ್ಮ ಸರದಿ ಬಂದಾಗ ನಾನು ಕಿಟಕಿಯೊಳಗೆ ಲಕೋಟೆ ಚಾಚಿದೆ. ಕಿಟಕಿಯವನು ಹೊಸಬ, ಎಳೆಯ, ಹಣೆಯಲ್ಲಿ ವಿಭೂತಿ. ಅವನು ಲಕೋಟೆ ಮುಟ್ಟಲಿಲ್ಲ.

"ಬಲಗೈಲೆ ಕೊಡ್ರಿ ಅಜ್ಜಿ. ಎಡಗೈಲೆ ಕೊಡಬಾರದು."

"ಬರದವರ ಕೊಡಬೇಕಲ್ಲೋ ಯಪ್ಪಾ," ಎಂದೆ.

ಅವನು ನನ್ನ ಬಲಗೈಯ ಪಟ್ಟಿ ನೋಡಿದ, ವಿಳಾಸದ ಅಕ್ಷರ ನೋಡಿದ, ಹಿಂದೆ ನಿಂತಿದ್ದ ಸ್ವಪ್ನಾಳ ತೋಳನ್ನೂ ನೋಡಿದ. ಲಕೋಟೆ ತೆಗೆದುಕೊಂಡು ತೂಕ ಮಾಡಿ, ಚೀಟಿ ಅಂಟಿಸಿ, ಮುದ್ರೆಯನ್ನು ಎತ್ತಿ ರೊಟ್ಟಿ ಬಡಿದ ಹಾಗೆ ಒಂದು ಬಡಿದ.